‘ಪಿಚ್ ಬ್ಲ್ಯಾಕ್’ ಯಾರ ಕಥೆ?

ಜನಪ್ರಿಯ ಕಲಾಕೃತಿಯೊಂದು ಹೆಸರು ಪಡೆಯುವ ಬಗೆಗೂ ಅದರ ಒಳಗಿನ ಅರ್ಥಕ್ಕೂ ಹಲವು ವೇಳೆ ಹೊಂದಾಣಿಕೆ ಇರುವುದಿಲ್ಲ. 2000ದಲ್ಲಿ ತೆರೆಗೆ ಬಂದ, ಡೇವಿಡ್ ಟೂಹಿ ನಿರ್ದೇಶಿಸಿದ ‘ಪಿಚ್ ಬ್ಲ್ಯಾಕ್’ ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರ ಇದಕ್ಕೊಂದು ಒಳ್ಳೆಯ ನಿದರ್ಶನ. ಇಂದು ಈ ಚಿತ್ರವನ್ನು ನೆನೆಯುವವರು ಮೊದಲು ಹೇಳುವ ಹೆಸರು ರಿಡಿಕ್. ಕತ್ತಲಲ್ಲಿ ಕಾಣಬಲ್ಲ ಕಣ್ಣುಗಳ, ಕೊಲೆಗಾರನೆಂದು ಕುಖ್ಯಾತನಾದ ಈ ಪಾತ್ರವನ್ನು ವಿನ್ ಡೀಸೆಲ್ ನಿರ್ವಹಿಸಿದ. ಮುಂದಿನ ಚಿತ್ರಗಳೆಲ್ಲ ಆ ಪಾತ್ರದ ಹೆಸರಿನಲ್ಲೇ ಹುಟ್ಟಿದವು. ಆದರೆ ಮೂಲ ಚಿತ್ರವನ್ನು ಒಂದು ಪಠ್ಯವೆಂದು ಭಾವಿಸಿ ಮೊದಲಿನಿಂದ ಕೊನೆಯವರೆಗೆ ಓದಿದರೆ ಅದು ರಿಡಿಕ್‌ನ ಕಥೆಯಲ್ಲ. ನೌಕೆಯನ್ನು ನಡೆಸುತ್ತಿದ್ದ ಕ್ಯಾರೊಲಿನ್ ಫ್ರೈ ಎಂಬ ಹೆಣ್ಣಿನ ಕಥೆ. ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ಚಿತ್ರದಲ್ಲಿ ಉಳಿಯುವುದು ಕತ್ತಲೆ, ಮೃಗ ಮತ್ತು ಓಟ ಮಾತ್ರ.

ಚಿತ್ರದ ಮೊದಲ ಕೆಲವು ನಿಮಿಷಗಳಲ್ಲೇ ಅದರ ಬೀಜ ಬಿತ್ತಲ್ಪಡುತ್ತದೆ. ಸುಮಾರು ನಲವತ್ತು ಮಂದಿ ಪ್ರಯಾಣಿಕರನ್ನು ಶೀತನಿದ್ರೆಯಲ್ಲಿ ಇರಿಸಿಕೊಂಡು ಸಾಗುತ್ತಿರುವ ನೌಕೆಗೆ ಧೂಮಕೇತುವಿನ ಬಾಲದ ಕಣಗಳು ಬಡಿಯುತ್ತವೆ. ಹಡಗಿನ ನಾಯಕ ಎಚ್ಚರಗೊಳ್ಳುವ ಮೊದಲೇ ಸಾಯುತ್ತಾನೆ. ಹೊಣೆ ಫ್ರೈಳ ಮೇಲೆ ಬೀಳುತ್ತದೆ. ಅಪರಿಚಿತ ಗ್ರಹವೊಂದರ ಕಡೆಗೆ ಉರುಳುತ್ತಿರುವ ನೌಕೆಯ ಭಾರವನ್ನು ಇಳಿಸಲು ಅವಳು ಸರಕಿನ ಭಾಗಗಳನ್ನು ಒಂದೊಂದಾಗಿ ಕಳಚುತ್ತಾಳೆ. ಅದು ಸಾಲದಾದಾಗ ಉಳಿಯುವುದು ಪ್ರಯಾಣಿಕರು ಮಲಗಿರುವ ಭಾಗ. ಅವಳ ಕೈ ಆ ಹಿಡಿಕೆಗೂ ಹೋಗುತ್ತದೆ. ಅವರಿಗಾಗಿ ತಾನು ಸಾಯಲಾರೆ ಎಂದು ಬಾಯಿಬಿಟ್ಟು ಹೇಳಿಯೂ ಬಿಡುತ್ತಾಳೆ. ಸಹೋದ್ಯೋಗಿ ಓವನ್ಸ್ ಬಾಗಿಲು ಮುಚ್ಚಿಕೊಳ್ಳದಂತೆ ತಡೆದದ್ದರಿಂದ ಮಾತ್ರ ಆ ಜನ ಉಳಿಯುತ್ತಾರೆ. ನೌಕೆ ನೆಲಕ್ಕೆ ಅಪ್ಪಳಿಸಿದಾಗ ಓವನ್ಸ್ ಎದೆಗೆ ಲೋಹದ ಸಲಾಕೆ ಹೊಕ್ಕು ನರಳಿ ಸಾಯುತ್ತಾನೆ. ಫ್ರೈ ಬದುಕುತ್ತಾಳೆ.

ಅಲ್ಲಿಂದ ಮುಂದಿನದು ಇನ್ನೂ ಕಠಿಣವಾದದ್ದು. ಬದುಕುಳಿದ ಹತ್ತು ಹನ್ನೆರಡು ಮಂದಿ ಅವಳನ್ನು ನಾಯಕಿಯೆಂದು ಕರೆಯುತ್ತಾರೆ. ತಮ್ಮ ಪ್ರಾಣ ಉಳಿಸಿದವಳೆಂದು ಕೃತಜ್ಞತೆ ತೋರುತ್ತಾರೆ. ಯಾರನ್ನು ಕಳಚಿ ಎಸೆಯಲು ಹೊರಟಿದ್ದಳೋ ಅವರ ಗೌರವವನ್ನು ಅವಳು ಮೌನವಾಗಿ ಸ್ವೀಕರಿಸಬೇಕಾಗುತ್ತದೆ. ಮಾಡಿದ ತಪ್ಪಿಗೆ ಶಿಕ್ಷೆ ದೊರೆತರೆ ಮನಸ್ಸು ಹಗುರವಾದೀತು. ತಪ್ಪಿಗೆ ಮನ್ನಣೆ ದೊರೆತರೆ ಅದು ಸಾಲವಾಗಿ ಕೂರುತ್ತದೆ. ರಾಧಾ ಮಿಚೆಲ್ ಈ ಪಾತ್ರವನ್ನು ಅಭಿನಯಿಸಿರುವ ರೀತಿಯಲ್ಲಿ ಈ ಸಾಲದ ಭಾರ ಮಾತಿಗಿಂತ ಹೆಚ್ಚಾಗಿ ಮುಖದಲ್ಲಿ ಕಾಣುತ್ತದೆ. ಚಿತ್ರದ ಉಳಿದ ಕಥನವೆಲ್ಲ ಈ ಸಾಲ ತೀರುವ ಬಗೆಯೇ ಆಗಿದೆ.

ಕಥೆಗೆ ಒದಗಿಸಿರುವ ಲೋಕವೂ ಈ ಉದ್ದೇಶಕ್ಕೆ ತಕ್ಕಂತಿದೆ. ಮೂರು ಸೂರ್ಯರಿರುವ ಈ ಗ್ರಹದಲ್ಲಿ ರಾತ್ರಿಯೆಂಬುದಿಲ್ಲ. ಒಂದು ಸೂರ್ಯ ಮುಳುಗುವಷ್ಟರಲ್ಲಿ ಬೇರೆ ಬಣ್ಣದ ಇನ್ನೊಂದು ಮೂಡುತ್ತದೆ. ಬಯಲು ಒಮ್ಮೆ ಹಳದಿಯಾಗಿ, ಒಮ್ಮೆ ನೀಲಿಯಾಗಿ ಕಾಣುತ್ತದೆ. ಚಿತ್ರೀಕರಣ ನಡೆದದ್ದು ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಊರಿನ ಸುತ್ತಲಿನ ಬೆಂಗಾಡಿನಲ್ಲಿ. ಓಪಲ್ ಎಂಬ ರತ್ನಶಿಲೆಯ ಗಣಿಗಳಿಗೆ ಪ್ರಸಿದ್ಧವಾದ ಆ ಊರಿನ ಅನೇಕ ಜನ ಬಿಸಿಲಿನ ಉರಿಯಿಂದ ತಪ್ಪಿಸಿಕೊಳ್ಳಲು ನೆಲದೊಳಗೆ ಕೊರೆದ ಮನೆಗಳಲ್ಲಿ ವಾಸಿಸುತ್ತಾರೆ. ಅಲ್ಲಿ ನೆಲದಾಳವೇ ಆಶ್ರಯ. ಚಿತ್ರದಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ: ಸುಡುವ ಬಿಸಿಲೇ ರಕ್ಷಣೆ, ತಂಪಾದ ನೆಲದಾಳವೇ ಮೃತ್ಯು. ಬೆಳಕು ತಾಗಿದರೆ ಚರ್ಮ ಬೇಯುವ, ಸದ್ದಿನ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುವ ಹಿಂಸ್ರಜೀವಿಗಳು ಆ ನೆಲದ ಕೆಳಗೆ ಕಾದಿವೆ.

ಆ ಜೀವಿಗಳು ಹೊರಬರುವ ಹೊತ್ತು ಯಾವುದೆಂಬುದನ್ನು ಚಿತ್ರ ಬಹಳ ಜಾಣತನದಿಂದ ತಿಳಿಸುತ್ತದೆ. ಪ್ರಯಾಣಿಕರಿಗೆ ಭೂವಿಜ್ಞಾನಿಗಳ ಪಾಳುಬಿದ್ದ ನೆಲೆಯೊಂದು ಸಿಗುತ್ತದೆ. ಅಲ್ಲಿ ಬಿಟ್ಟುಹೋದ ಪುಟ್ಟ ನೌಕೆಯೊಂದಿದೆ, ಜನ ಮಾತ್ರ ಇಲ್ಲ. ಅವರು ಕೊರೆದು ತೆಗೆದ ಕೊನೆಯ ಶಿಲಾಮಾದರಿಗೆ ಬರೆದ ದಿನಾಂಕ 22 ವರ್ಷ ಹಿಂದಿನದು. ಪಕ್ಕದಲ್ಲಿ ಗ್ರಹ ಮತ್ತು ಸೂರ್ಯರ ಚಲನೆಯನ್ನು ತೋರಿಸುವ ಯಂತ್ರವೊಂದಿದೆ. ಫ್ರೈ ಅದನ್ನು ತಿರುಗಿಸುತ್ತ ಹೋದಂತೆ 22 ವರ್ಷಗಳಿಗೊಮ್ಮೆ ಒದಗುವ ಪೂರ್ಣಗ್ರಹಣ ಕಣ್ಣೆದುರು ನಿಲ್ಲುತ್ತದೆ. ಒಂದು ದಿನಾಂಕ, ಒಂದು ಆಟಿಕೆಯಂಥ ಯಂತ್ರ. ಇವೆರಡರಿಂದ ಇಡೀ ಊರಿನ ಸಾವನ್ನು ಓದಿಕೊಳ್ಳುವ ಈ ದೃಶ್ಯ ಶಾಸನವನ್ನೋ ಹಸ್ತಪ್ರತಿಯನ್ನೋ ಬಿಡಿಸುವ ಸಂಶೋಧಕನ ಕೆಲಸಕ್ಕೆ ಹತ್ತಿರವಾದದ್ದು.

ಹಲವು ಸೂರ್ಯರ ಗ್ರಹಕ್ಕೆ ಅಪರೂಪಕ್ಕೆ ಕತ್ತಲೆ ಕವಿಯುವ ಕಲ್ಪನೆ ಹೊಸದಲ್ಲ. ಐಸಾಕ್ ಅಸಿಮೋವ್ 1941ರಲ್ಲಿ ಪ್ರಕಟಿಸಿದ ‘ನೈಟ್‌ಫಾಲ್’ ಕಥೆಯಲ್ಲಿ ಆರು ಸೂರ್ಯರಿರುವ ಲಗಾಷ್ ಎಂಬ ಗ್ರಹಕ್ಕೆ 2049 ವರ್ಷಗಳಿಗೊಮ್ಮೆ ರಾತ್ರಿ ಬರುತ್ತದೆ. ಕತ್ತಲೆಯನ್ನೇ ಅರಿಯದ ಜನ ಅದನ್ನು ತಾಳಲಾರದೆ ಬುದ್ಧಿ ಕಳೆದುಕೊಂಡು, ಬೆಳಕಿಗಾಗಿ ತಮ್ಮ ನಗರಗಳಿಗೇ ಬೆಂಕಿ ಇಡುತ್ತಾರೆ. ಟೂಹಿಯ ಚಿತ್ರವನ್ನು ಈ ಕಥೆಯ ನೆರಳೆಂದು ತಳ್ಳಿಹಾಕುವುದು ಸುಲಭ. ಆದರೆ ಎರಡರ ಪ್ರಶ್ನೆಗಳು ಬೇರೆ. ಅಸಿಮೋವ್‌ಗೆ ಬೇಕಾದದ್ದು ನಾಗರಿಕತೆಯೊಂದರ ಸಾಮೂಹಿಕ ಮನಸ್ಸು. ಅಲ್ಲಿ ಕತ್ತಲೆ ಎಲ್ಲರನ್ನೂ ಒಂದೇ ಬಗೆಯಲ್ಲಿ ಮುರಿಯುತ್ತದೆ. ‘ಪಿಚ್ ಬ್ಲ್ಯಾಕ್’ನಲ್ಲಿ ಕತ್ತಲೆ ಒಬ್ಬೊಬ್ಬರನ್ನು ಒಂದೊಂದು ಬಗೆಯಲ್ಲಿ ತೆರೆದು ತೋರಿಸುತ್ತದೆ. ಅಲ್ಲಿ ಅದು ಪ್ರಳಯ, ಇಲ್ಲಿ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಮೊದಲು ಬಯಲಾಗುವವನು ಜಾನ್ಸ್. ಮೈಮೇಲೆ ಅಧಿಕಾರಿಯ ಬಿಲ್ಲೆ ಧರಿಸಿ, ಸೆರೆಯಾಳು ರಿಡಿಕ್‌ನನ್ನು ಸಾಗಿಸುತ್ತಿರುವ ಈತ ಮೊದಲಿಗೆ ನ್ಯಾಯದ ಪ್ರತಿನಿಧಿಯಂತೆ ಕಾಣುತ್ತಾನೆ. ಕ್ರಮೇಣ ಆತ ಹಣಕ್ಕಾಗಿ ಅಪರಾಧಿಗಳನ್ನು ಹಿಡಿಯುವ ಬಾಡಿಗೆ ಬೇಟೆಗಾರನೆಂದೂ ಮಾರ್ಫಿನ್ ವ್ಯಸನಿಯೆಂದೂ ತಿಳಿಯುತ್ತದೆ. ಓವನ್ಸ್ ನರಳುತ್ತಿದ್ದಾಗ ನೋವು ತಗ್ಗಿಸುವ ಮದ್ದು ಇವನ ಬಳಿಯೇ ಇತ್ತು, ಕೊಡಲಿಲ್ಲ. ಕತ್ತಲಲ್ಲಿ ಸಾಗುವಾಗ ಇವನು ರಿಡಿಕ್‌ನ ಮುಂದೆ ಇಡುವ ಸಲಹೆ ಇನ್ನೂ ಘೋರವಾದದ್ದು: ಗುಂಪಿನಲ್ಲಿರುವ ಎಳೆಯ ಜೀವವನ್ನು ಕೊಂದು, ಆ ದೇಹವನ್ನು ಮೃಗಗಳಿಗೆ ಆಮಿಷವಾಗಿ ಒಡ್ಡಿ, ಉಳಿದವರು ಪಾರಾಗಬಹುದೆಂದು. ಕೊಲೆಗಾರನಾದ ರಿಡಿಕ್ ಅದನ್ನು ಒಪ್ಪುವುದಿಲ್ಲ.

ಈ ಸಲಹೆಯನ್ನು ಗ್ರಹದ ಮೇಲೆ ಹರಡಿರುವ ಬೃಹತ್ ಪ್ರಾಣಿಗಳ ಎಲುಬುಗಳ ಜೊತೆಗಿಟ್ಟು ನೋಡಬೇಕು. ಒಮ್ಮೆ ಜೀವಸಮೃದ್ಧವಾಗಿದ್ದ ಲೋಕವನ್ನು ಈ ಹಿಂಸ್ರಜೀವಿಗಳು ತಿಂದು ಮುಗಿಸಿವೆ; ಈಗ ಒಂದನ್ನೊಂದು ತಿನ್ನುತ್ತಿವೆ. ಜಾನ್ಸ್ ಹೇಳುವುದೂ ಅದನ್ನೇ: ಬದುಕಲು ತನ್ನವರನ್ನೇ ತಿನ್ನು. ಹಾಗೆ ನೋಡಿದರೆ ನೌಕೆಯ ಹಿಡಿಕೆಗೆ ಕೈಯಿಟ್ಟ ಫ್ರೈ ಆಲೋಚಿಸಿದ್ದೂ ಬೇರೆಯಲ್ಲ. ಇಬ್ಬರದೂ ಒಂದೇ ಲೆಕ್ಕ. ಅವಳದು ಯಂತ್ರದ ಮೂಲಕ, ಮುಖ ನೋಡದೆ ಮಾಡಿದ್ದು. ಇವನದು ಚೂರಿಯ ಮೂಲಕ, ಪಕ್ಕದಲ್ಲೇ ನಡೆಯುತ್ತಿರುವ ಜೀವವನ್ನು ಕುರಿತದ್ದು. ಹಿಡಿಕೆಯ ಗುಟ್ಟನ್ನು ಎಲ್ಲರೆದುರು ಬಯಲಿಗೆಳೆದು ಅವಳ ಬಾಯಿ ಮುಚ್ಚಿಸುವವನು ಜಾನ್ಸನೇ ಆಗಿರುವುದು ಆಕಸ್ಮಿಕವಲ್ಲ. ತನ್ನ ಕೃತ್ಯದ ಪೂರ್ಣರೂಪವನ್ನು ಫ್ರೈ ಕಾಣಬೇಕಾದದ್ದು ಇವನಲ್ಲಿ.

ಚಿತ್ರದ ನಿಜವಾದ ಶಿಖರ ಯಾವುದೇ ಮೃಗದ ದಾಳಿಯಲ್ಲಿಲ್ಲ. ಅದು ಪುಟ್ಟ ನೌಕೆಯ ಬಾಗಿಲಲ್ಲಿ ನಡೆಯುವ ಮಾತುಕತೆಯಲ್ಲಿದೆ. ಉಳಿದವರನ್ನು ಗುಹೆಯೊಂದರಲ್ಲಿ ಬಿಟ್ಟು ರಿಡಿಕ್ ಒಬ್ಬನೇ ನೌಕೆ ತಲುಪಿದ್ದಾನೆ. ಹೊಳೆಯುವ ಹುಳುಗಳನ್ನು ತುಂಬಿದ ಸೀಸೆಯ ಬೆಳಕಿನಲ್ಲಿ ಫ್ರೈ ಅವನನ್ನು ಹುಡುಕಿ ಬರುತ್ತಾಳೆ. ಹತ್ತು, ಹೋಗೋಣ ಎನ್ನುತ್ತಾನೆ ರಿಡಿಕ್. ಅವಳು ಕುಸಿಯುತ್ತಾಳೆ, ಒಂದು ಕ್ಷಣ ಒಪ್ಪಿಯೂಬಿಡುತ್ತಾಳೆ. ಈ ಕ್ಷಣವನ್ನು ಬಿಡದೆ ತೋರಿಸಿರುವುದು ಚಿತ್ರದ ಪ್ರಾಮಾಣಿಕತೆ. ಮೊದಲ ಸಲ ಹಿಡಿಕೆ ಹಿಡಿದ ಕೈ ಎರಡನೆಯ ಸಲವೂ ಅದೇ ಕಡೆಗೆ ಚಾಚುತ್ತದೆ. ಮನುಷ್ಯ ಸ್ವಭಾವ ಒಂದು ಪಶ್ಚಾತ್ತಾಪದಿಂದ ಬದಲಾಗುವಂಥದ್ದಲ್ಲ. ಆದರೆ ಈಗ ತಡೆಯಲು ಓವನ್ಸ್ ಇಲ್ಲ. ತಡೆಯಬೇಕಾದವಳು ಅವಳೇ. ಅವರಿಗಾಗಿ ಸಾಯುವೆಯಾ ಎಂಬ ಪ್ರಶ್ನೆಗೆ ಹೌದೆನ್ನುವಾಗ ಅವಳು ಆರಂಭದ ತನ್ನ ಮಾತನ್ನೇ ಅಳಿಸಿ ಬರೆಯುತ್ತಾಳೆ.

ಆಮೇಲೆ ಆಗುವುದು ಆ ಮಾತಿನ ನಡೆ. ಗುಹೆಯಲ್ಲಿದ್ದ ಇಮಾಮ್ ಮತ್ತು ಜ್ಯಾಕ್ ನೌಕೆ ಸೇರುತ್ತಾರೆ. ಗಾಯಗೊಂಡು ಹಿಂದುಳಿದ ರಿಡಿಕ್‌ಗಾಗಿ ಫ್ರೈ ಮತ್ತೆ ಕತ್ತಲೆಗೆ ಹೋಗುತ್ತಾಳೆ. ಅವನನ್ನು ಎತ್ತಿ ನಿಲ್ಲಿಸುತ್ತಿರುವಾಗಲೇ ಮೃಗವೊಂದು ಅವಳನ್ನು ಎತ್ತಿಕೊಂಡು ಹೋಗುತ್ತದೆ. ತನಗಾಗಿ ಅಲ್ಲ ಎಂದು ರಿಡಿಕ್ ಕೂಗುತ್ತಾನೆ. ಯೋಗ್ಯರಿಗಾಗಿ ಸಾಯುವುದು ಒಂದು ಬಗೆ. ತನ್ನನ್ನು ತಾನೇ ಅಯೋಗ್ಯನೆಂದು ತಿಳಿದವನಿಗಾಗಿ ಸಾಯುವುದು ಇನ್ನೊಂದು. ಸಾಲ ತೀರಿಸಲು ಹೊರಟವಳು ಸಾಲಕ್ಕಿಂತ ಹೆಚ್ಚು ಕೊಟ್ಟು ಹೋಗುತ್ತಾಳೆ. ನೌಕೆ ಗ್ರಹದಿಂದ ದೂರವಾದ ಮೇಲೆ, ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಜ್ಯಾಕ್ ಕೇಳುತ್ತಾಳೆ. ರಿಡಿಕ್ ಆ ಗ್ರಹದಲ್ಲೇ ಸತ್ತನೆಂದು ಹೇಳಲು ಅವನು ಸೂಚಿಸುತ್ತಾನೆ. ಫ್ರೈಳ ಮರಣದಿಂದ ಫಲಿಸಿದ್ದು ಈ ಇನ್ನೊಂದು ಮರಣ.

ಭರತನ ನಾಟ್ಯಶಾಸ್ತ್ರ ವೀರರಸದಲ್ಲಿ ದಾನವೀರ, ಧರ್ಮವೀರ, ಯುದ್ಧವೀರ ಎಂಬ ಮೂರು ಬಗೆಗಳನ್ನು ಹೇಳುತ್ತದೆ. ವಿಶ್ವನಾಥನ ಸಾಹಿತ್ಯದರ್ಪಣ ಇವಕ್ಕೆ ದಯಾವೀರನನ್ನೂ ಸೇರಿಸುತ್ತದೆ. ಅಮೆರಿಕದ ಜನಪ್ರಿಯ ಚಿತ್ರವೊಂದಕ್ಕೆ ಈ ವಿಂಗಡಣೆಯನ್ನು ಬಲವಂತವಾಗಿ ಅಂಟಿಸಬೇಕಿಲ್ಲ. ಆದರೂ ಇಲ್ಲಿಯ ತೊಡಕನ್ನು ಬಿಡಿಸಲು ಅದು ನೆರವಾಗುತ್ತದೆ. ರಿಡಿಕ್ ಯುದ್ಧವೀರ, ಅವನ ಶೌರ್ಯ ಕಣ್ಣಿಗೆ ಕಾಣುತ್ತದೆ. ಫ್ರೈ ದಯಾವೀರೆ, ಅವಳ ಹೋರಾಟ ನಡೆಯುವುದು ತನ್ನ ಪ್ರಾಣಭಯದ ಜೊತೆಗೆ. ಭಯವನ್ನೇ ಅರಿಯದವನ ಧೈರ್ಯಕ್ಕಿಂತ ಭಯಕ್ಕೆ ಒಮ್ಮೆ ಸೋತವಳ ಧೈರ್ಯ ದೊಡ್ಡದೆಂಬುದು ಈ ಚಿತ್ರದ ತಿರುಳು. ಮೊದಲನೆಯದನ್ನು ಮೆಚ್ಚಿಕೊಳ್ಳುವುದು ಸುಲಭ; ಎರಡನೆಯದನ್ನು ಗುರುತಿಸಲು ಓದು ಬೇಕು.

ತಪ್ಪು ಓದಿಗೆ ಚಿತ್ರವೂ ಭಾಗಶಃ ಹೊಣೆ. ಅದು ಆರಂಭವಾಗುವುದೇ ರಿಡಿಕ್‌ನ ದನಿಯಿಂದ. ಕ್ಯಾಮೆರಾ ಆಗಾಗ ಅವನ ಕಣ್ಣಿನಿಂದ ನೋಡುತ್ತದೆ. ಬೇರೆ ದೋಷಗಳೂ ಇವೆ. ಇಮಾಮ್‌ನ ಜೊತೆಗೆ ತೀರ್ಥಯಾತ್ರೆಗೆ ಹೊರಟ ಮೂವರು ಹುಡುಗರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅವರಿಗೆ ಸಾವಿನ ಹೊರತು ಬೇರೆ ಪಾತ್ರವೇ ಇಲ್ಲ. ತಿನ್ನಲು ಬೇರೇನೂ ಉಳಿಯದ ಗ್ರಹದಲ್ಲಿ ಅಷ್ಟೊಂದು ಮೃಗಗಳು ವರ್ಷಗಟ್ಟಲೆ ಹೇಗೆ ಬದುಕಿದವು ಎಂಬುದಕ್ಕೆ ಒಂದನ್ನೊಂದು ತಿನ್ನುತ್ತವೆ ಎಂಬ ಉತ್ತರ ಸಾಲದು. ಪ್ರತಿಯೊಂದು ಜೀವಕ್ಕೂ ಬೆಲೆಯಿದೆ ಎನ್ನುವ ಕೃತಿ ಕೆಲವು ಜೀವಗಳನ್ನು ಲೆಕ್ಕ ತುಂಬಲು ಬಳಸಿಕೊಂಡಿರುವುದು ಸಣ್ಣ ವಿರೋಧಾಭಾಸವಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ನಡೆದದ್ದು ಮುಂದಿನ ಚಿತ್ರಗಳಲ್ಲಿ. 2004ರ ‘ದಿ ಕ್ರಾನಿಕಲ್ಸ್ ಆಫ್ ರಿಡಿಕ್’ನಲ್ಲಿ ಇಮಾಮ್ ಕೊಲೆಯಾಗುತ್ತಾನೆ, ಕೈರಾ ಎಂಬ ಹೆಸರಿನಿಂದ ಬೆಳೆದು ನಿಂತ ಜ್ಯಾಕ್ ಕೂಡ ಸಾಯುತ್ತಾಳೆ. ಫ್ರೈ ಯಾರಿಗಾಗಿ ಕತ್ತಲೆಗೆ ಮರಳಿದಳೋ ಆ ಇಬ್ಬರೂ ರಿಡಿಕ್‌ನ ಕೋಪಕ್ಕೆ ಇಂಧನವಾಗಿ ಮುಗಿಯುತ್ತಾರೆ. 2013ರ ‘ರಿಡಿಕ್’ ಚಿತ್ರದಲ್ಲಿ ಜಾನ್ಸನ ತಂದೆ ತನ್ನ ಮಗನಿಗೆ ಏನಾಯಿತೆಂದು ತಿಳಿಯಲು ಹುಡುಕುತ್ತ ಬರುತ್ತಾನೆ. ಎಳೆಯ ಜೀವವನ್ನು ಆಮಿಷವಾಗಿಸಲು ಹೊರಟವನ ಅಂತ್ಯವನ್ನು ವಿಚಾರಿಸಲು ಒಬ್ಬ ತಂದೆಯಿದ್ದಾನೆ. ಫ್ರೈಳ ಅಂತ್ಯವನ್ನು ಕುರಿತು ಅಂಥ ಕಥೆಯೊಂದು ಹುಟ್ಟಲಿಲ್ಲ.

ಒಂದು ಪಾತ್ರ ಜನಪ್ರಿಯವಾದಾಗ ಅದರ ಹಿಂದಿನ ಕೃತಿಯೇ ಮರೆಯಾಗುವುದು ಸಾಹಿತ್ಯಚರಿತ್ರೆಗೂ ಹೊಸದಲ್ಲ. ಅಂಥ ಸಂದರ್ಭದಲ್ಲಿ ವಿಮರ್ಶೆಯ ಕೆಲಸ ಹೆಸರಿನಿಂದ ಪಠ್ಯಕ್ಕೆ ಮರಳುವುದು. ‘ಪಿಚ್ ಬ್ಲ್ಯಾಕ್’ನ ಪಠ್ಯ ಎರಡು ಉತ್ತರಗಳ ನಡುವೆ ನಿಂತಿದೆ: ಬೀಳುತ್ತಿರುವ ನೌಕೆಯಲ್ಲಿ ಹೇಳಿದ ಇಲ್ಲ, ಏರಲಿರುವ ನೌಕೆಯ ಬಾಗಿಲಲ್ಲಿ ಹೇಳಿದ ಹೌದು. ಆ ಎರಡನ್ನೂ ಹೇಳಿದವಳು ಒಬ್ಬಳೇ. ಕಥೆ ಅವಳದು.