ಪಿಗ್ಮಿ ಠೇವಣಿಯೂ ಕೈಯಂತ್ರವೂ

ಹೈದರಾಬಾದು, ಬೆಂಗಳೂರುಗಳಲ್ಲಿ ದುಡಿಯುವ ನಮ್ಮ ದೌಲತಾಬಾದ್, ಕೊಡಂಗಲ್, ತಾಂಡೂರು ಕಡೆಯ ತರುಣರ ಬಾಯಲ್ಲಿ ಈಗ ‘ಕಂಪನಿ ಕಲ್ಚರ್’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಕೆಲಸಗಾರರ ಪರಸ್ಪರ ನಂಬಿಕೆ, ಗಿರಾಕಿಯನ್ನು ಕಾಣುವ ರೀತಿ, ಹಿರಿಯರು ಕಿರಿಯರಿಗೆ ಕೊಡುವ ಸ್ವಾತಂತ್ರ್ಯ ಇವೆಲ್ಲ ಕೂಡಿದ ಸಂಸ್ಥೆಯ ಮನೆತನದ ಗುಣವೆಂದು ಅದನ್ನು ತಿಳಿಯಬಹುದು. ಈ ಗುಣಕ್ಕೂ ಗಣಕಯಂತ್ರಕ್ಕೂ ವ್ಯಾಪಾರದ ಏಳಿಗೆಗೂ ಸಂಬಂಧವೇನು? ಗಣಕಯಂತ್ರ ಎಲ್ಲೆಲ್ಲಿಯೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುವುದಿಲ್ಲವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲಿ ಕುಟುಕಿದ್ದರು. ಅದಕ್ಕೆ ಉತ್ತರವನ್ನರಸಿ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಉಡುಪಿಯೇ ಸಾಕು.

1925ರಲ್ಲಿ ವೈದ್ಯರಾದ ಟಿ. ಎಂ. ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಇವರು 8,000 ರೂಪಾಯಿ ಬಂಡವಾಳದಿಂದ ಅಲ್ಲಿ ತೆರೆದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದ ಕಾಲವದು. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಪ್ರತಿನಿಧಿಯು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಸಂಗ್ರಹಿಸಿ ಒಯ್ಯುತ್ತಿದ್ದನು. ಗಿರಾಕಿ ಬರಲೆಂದು ಕಾಯದೆ ಬ್ಯಾಂಕೇ ಗಿರಾಕಿಯ ಬಳಿಗೆ ನಡೆಯಿತು. ಯಾರು ತಪ್ಪದೆ ಉಳಿಸುತ್ತಾರೆ, ಯಾರ ಅಂಗಡಿ ಬಾಡುತ್ತಿದೆ ಎಂಬುದು ಹೀಗೆ ನಡೆದಾಡುವವನಿಗೆ ತಿಳಿದಷ್ಟು ಮೇಜಿನ ಹಿಂದೆ ಕುಳಿತವನಿಗೆ ತಿಳಿಯದು. ಸಾಲ ಕೊಡುವಾಗ ಈ ತಿಳಿವಳಿಕೆಯೂ ಬಂಡವಾಳವೇ.

ಬ್ಯಾಂಕುಗಳೂ ಸಹಕಾರಿ ಸಂಘಗಳೂ ಮುಂದೆ ಪಿಗ್ಮಿ ಪ್ರತಿನಿಧಿಗಳ ಕೈಗೆ ಒಂದು ಪುಟ್ಟ ಯಂತ್ರವನ್ನು ಕೊಟ್ಟವು. ಬೆಳಿಗ್ಗೆ ಶಾಖೆಯಲ್ಲಿ ಖಾತೆಗಳ ಪಟ್ಟಿಯನ್ನು ಅದಕ್ಕೆ ತುಂಬುವುದು, ಬಾಗಿಲಲ್ಲಿ ಮೊತ್ತ ಒತ್ತಿ ಚೀಟಿ ಹರಿದು ಕೊಡುವುದು, ತರುವಾಯ ಲೆಕ್ಕವನ್ನು ಶಾಖೆಯ ಗಣಕಯಂತ್ರಕ್ಕೆ ಇಳಿಸುವುದು. ಇಂದು ಹತ್ತು, ನಾಳೆ ಐವತ್ತು, ಮಳೆಯ ದಿನ ಏನೂ ಇಲ್ಲ. ಯಂತ್ರ ಎಲ್ಲಕ್ಕೂ ಒಗ್ಗಿತು. ನಡಿಗೆ ಹಾಗೆಯೇ ಉಳಿಯಿತು, ಬರೆಯುವ ಶ್ರಮ ತಪ್ಪಿತು, ಠೇವಣಿದಾರನ ಕೈಗೆ ಅಚ್ಚಾದ ಪುರಾವೆ ಬಂದಿತು.

ಇದಕ್ಕೆ ವಿರುದ್ಧವಾದುದನ್ನೂ ನಾವು ಕಾಣುತ್ತೇವೆ. ಗಣಕಯಂತ್ರ ಬಂದರೂ ದಪ್ಪ ವಹಿಗಳು ಹೋಗದ ಕಚೇರಿಗಳುಂಟು. ಮೇಲಿನವರಿಗೆ ಗುಮಾಸ್ತನಲ್ಲಿ ನಂಬಿಕೆಯಿಲ್ಲ. ಆದುದರಿಂದ ಒಂದೇ ಲೆಕ್ಕವನ್ನು ಎರಡು ಬಾರಿ ಬರೆಯಬೇಕು, ತೊಗರಿ ತಂದ ರೈತನು ಎರಡು ಬಾರಿ ಕಾಯಬೇಕು. (ಶಾಲೆಯ ಹಾಜರಿಯ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ.) ಇಂತಹ ಕಡೆ ಯಂತ್ರವು ಖರ್ಚೇ ಹೊರತು ಗಳಿಕೆಯಲ್ಲ.

ಪಿಗ್ಮಿಯ ಕಥೆಗೆ ಇನ್ನೊಂದು ಮುಖವಿದೆ; ಅದು ನಮ್ಮ ಹೈದರಾಬಾದಿಗೆ ಸಂಬಂಧಿಸಿದ್ದು. ಬಾಗಿಲು ಬಾಗಿಲಿಗೆ ನಡೆದವರು ಕಮಿಷನ್ ಏಜೆಂಟರೋ, ಕೆಲಸಗಾರರೋ ಎಂಬ ವ್ಯಾಜ್ಯವು ಅಲ್ಲಿನ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಬಂದಿತ್ತು. 1988ರಲ್ಲಿ ಮಂಡಳಿಯು ಅವರನ್ನು ಕೆಲಸಗಾರರೆಂದು ಒಪ್ಪಿತು. ಬ್ಯಾಂಕುಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದವು. 2001ರಲ್ಲಿ ಅಲ್ಲಿಯೂ ಅದೇ ಮಾತು ನಿಂತಿತು. ಸಂಸ್ಥೆಯ ಹೆಸರನ್ನು ಕಾಲ್ನಡಿಗೆಯಲ್ಲಿ ಬೆಳೆಸಿದವರು ಕೆಲಸಗಾರರೆನಿಸಿಕೊಳ್ಳಲು ಇಷ್ಟು ವರ್ಷ ಹಿಡಿಯಿತೆಂಬುದು ನನಗೆ ಖೇದದ ಸಂಗತಿ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈಗ ಫೋನಿನಲ್ಲೇ ಹಣ ಕಳಿಸಬಹುದು. ಆದರೆ ತಾಂಡೂರಿನಲ್ಲಿ ಹಾಸುಗಲ್ಲು ನಯಗೊಳಿಸಿ ಸಂಜೆ ಮನೆಗೆ ಮರಳುವ ತಾಯಿಯನ್ನು, ‘ಅಕ್ಕಾ, ಇವತ್ತಿನದು ಕೊಡ್ತೀಯಾ?’ ಎಂದು ಕೇಳುವ ಕೆಲಸವನ್ನು ಯಾವ ಬ್ಯಾಂಕೂ ಇನ್ನೂ ಫೋನಿಗೆ ಕಲಿಸಿದಂತೆ ಕಾಣೆ.