ಲ್ಯಾಪ್‌ಟಾಪಿನೊಳಗೆ ಇಬ್ಬರು ಗುಮಾಸ್ತರು

ಮಕ್ಕಳೇ, ಹೋದ ಭಾನುವಾರ ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಗದ್ದಲವೋ ಗದ್ದಲ. ಮೆಲ್ಬರ್ನ್‌ನಲ್ಲಿರುವ ಮಗಳು ವಿಡಿಯೋ ಕರೆ ಮಾಡುತ್ತಾಳೆ, ಅವಳ ಐದು ತಿಂಗಳ ಪಾಪು ಪರದೆಯ ತುಂಬ ಕೈಕಾಲು ಆಡಿಸುತ್ತದೆ. ನನ್ನ ಹೆಂಡತಿಗೆ ಕಣ್ಣು ಮಂಜು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಬಾಕಿ. ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಪಾಪುವಿನ ಮುಖ ಅವಳಿಗೆ ಕಾಣುವುದಿಲ್ಲ. ಅದಕ್ಕೇ ಮಗ 24 ಇಂಚಿನ ಮಾನಿಟರ್ ತಂದು, ತನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟಿದ್ದ.

ಆ ದಿನ ಮಾನಿಟರ್ ಕಪ್ಪಗೆ ಕೂತಿತ್ತು. 'ನೋ ಸಿಗ್ನಲ್' ಎಂದು ಒಮ್ಮೆ ತೋರಿಸಿ ಕಣ್ಣು ಮುಚ್ಚಿಕೊಂಡಿತು. ಲ್ಯಾಪ್‌ಟಾಪಿನ ಪರದೆ ಮಾತ್ರ ಚೆನ್ನಾಗಿಯೇ ಇತ್ತು.

"ನಿನ್ನೆ ಇದರಲ್ಲಿ ಏನು ಹಾಕಿದೆ?" ಎಂದು ಮಗ ಪುಟ್ಟಿಯನ್ನು ಕೇಳಿದ. ಪುಟ್ಟಿ ನನ್ನ ಮೊಮ್ಮಗಳು, ಎಂಟನೇ ಕ್ಲಾಸು.

"ಒಂದು ಗೇಮ್ ಹಾಕಿದ್ದೆ ಅಪ್ಪ. ಆದರೆ..."

"ಆದರೆ ಗೀದರೆ ಏನೂ ಬೇಡ. ಕೆಡಿಸಿಟ್ಟೆ."

ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, ನೋಡದೆಯೇ "ಬೋರ್ಡೇ ಹೋಗಿರಬೇಕು ಸಾರ್" ಎಂದರು. ಪುಟ್ಟಿ ತಿಂಡಿ ಬಿಟ್ಟು ಕೋಣೆ ಸೇರಿದಳು. ಅಜ್ಜಿ ಮೊಬೈಲನ್ನು ಕಣ್ಣಿಗೆ ತಾಗುವ ಹಾಗೆ ಹಿಡಿದು, "ಮಗು ಬೆಳೆದಿದೆ ಅಲ್ವಾ?" ಎಂದಳು. ಅವಳಿಗೆ ಏನೂ ಕಂಡಿರಲಿಲ್ಲ. ಅದು ನನಗೆ ಗೊತ್ತಾಯಿತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಪಂಡಿತನಲ್ಲ. ಆದರೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ತಪ್ಪನ್ನು ಹೇಗೆ ಹುಡುಕಬೇಕು ಎಂಬುದು ಗೊತ್ತು. ಮಧ್ಯಾಹ್ನ ಪುಟ್ಟಿಯ ಬಾಗಿಲು ತಟ್ಟಿ, "ಬಾ ಕಂದ, ನಾವಿಬ್ಬರೂ ಕೂತು ತಾಳೆ ನೋಡೋಣ. ಒಂದು ನೋಟ್‌ಬುಕ್ ತಗೊಂಡು ಬಾ" ಎಂದೆ.

ನಾವು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಬೇಕಾಗಬಹುದು. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದೆಲ್ಲ ಪುಸ್ತಕದಲ್ಲಿ.

ಮೊದಲು ಹೊರಗಿನದು. ಮಾನಿಟರ್‌ಗೆ ಕರೆಂಟು ಇದೆಯೇ? ಇತ್ತು. ಮಾನಿಟರ್‌ನ ಗುಂಡಿ ಒತ್ತಿ, ಅದು ಸರಿಯಾದ ತೂತನ್ನೇ ನೋಡುತ್ತಿದೆಯೇ ಎಂದು ಪರೀಕ್ಷಿಸಿದೆವು. ಎಚ್‌ಡಿಎಂಐ ಎಂದೇ ಇತ್ತು. ಕೇಬಲನ್ನು ಟಿವಿಯ ಸೆಟ್‌ಟಾಪ್ ಬಾಕ್ಸಿಗೆ ಹಾಕಿದೆವು, ಮಾನಿಟರ್‌ನಲ್ಲಿ ಚಿತ್ರ ಬಂತು! ಅಂದರೆ ಮಾನಿಟರೂ ಕೇಬಲೂ ನಿರಪರಾಧಿಗಳು.

ಆಮೇಲೆ ಒಳಗಿನದು. ವಿಂಡೋಸ್ ಕೀ ಹಿಡಿದು 'ಪಿ' ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ: ಲ್ಯಾಪ್‌ಟಾಪಿನ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದು ದೊಡ್ಡ ಪರದೆ, ಹೊರಗಿನದು ಮಾತ್ರ. ಎರಡನೆಯದನ್ನು ಆರಿಸಿದೆವು. ಫಲವಿಲ್ಲ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು 'ಬಿ' ಒತ್ತಿದರೆ ಚಿತ್ರ ಬರೆಯುವ ವ್ಯವಸ್ಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪರದೆ ಒಮ್ಮೆ ಮಿಟುಕಿತು, ಅಷ್ಟೇ.

"ತಾತ, ಚಿತ್ರ ಬರೆಯೋದು ಯಾರು?" ಎಂದು ಕೇಳಿದಳು ಪುಟ್ಟಿ.

ಒಳ್ಳೆಯ ಪ್ರಶ್ನೆ. ಅದರಲ್ಲೇ ಉತ್ತರವೂ ಇತ್ತು.

ಈ ಬಗೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆಯುವವರು ಇಬ್ಬರು. ಇಬ್ಬರು ಗುಮಾಸ್ತರು ಎಂದುಕೊಳ್ಳಿ. ಮೊದಲನೆಯವನು ಮುಖ್ಯ ಪ್ರೊಸೆಸರಿನ ಜೊತೆಯಲ್ಲೇ ಕೂತಿರುತ್ತಾನೆ. ನಮ್ಮದರಲ್ಲಿ ಅದು ಇಂಟೆಲ್. ಮಿತವ್ಯಯಿ, ಕರೆಂಟು ಕಡಿಮೆ ಸಾಕು. ಪತ್ರ ಬರೆಯುವುದು, ಸಿನಿಮಾ ನೋಡುವುದು, ವಿಡಿಯೋ ಕರೆ ಇವಕ್ಕೆಲ್ಲ ಅವನೇ ಸಾಕು. ಎರಡನೆಯವನು ಬೇರೆ ಚಿಪ್ಪು, ನಮ್ಮದರಲ್ಲಿ ಎನ್‌ವಿಡಿಯಾ. ಪೈಲ್ವಾನ. ಆಟ, ಭಾರಿ ಚಿತ್ರಗಳ ಕೆಲಸ ಬಂದಾಗ ಏಳುತ್ತಾನೆ, ಕೆಲಸವಿಲ್ಲದಾಗ ನಿದ್ದೆ ಮಾಡುತ್ತಾನೆ. ಎದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ, ಫ್ಯಾನು ಕುಕ್ಕರಿನ ಹಾಗೆ ಬುಸುಗುಡುತ್ತದೆ.

ಮೊದಲು ಇಬ್ಬರ ನಡುವೆ ಕೆಲಸ ಬದಲಿಸಲು ಕೈಯೇ ಬೇಕಿತ್ತು. 2006ರ ಸೋನಿ ವಾಯೋ ಎಸ್‌ಜೆಡ್ ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಸ್ವಿಚ್ಚೇ ಇತ್ತು. 2010ರಲ್ಲಿ ಎನ್‌ವಿಡಿಯಾ 'ಆಪ್ಟಿಮಸ್' ಎಂಬ ಏರ್ಪಾಡು ತಂದಿತು. ಪೈಲ್ವಾನ ಚಿತ್ರ ಬರೆದು ಮಿತವ್ಯಯಿಯ ಕೈಗೆ ಕೊಡುತ್ತಾನೆ, ಅವನು ಅದನ್ನು ಲ್ಯಾಪ್‌ಟಾಪಿನ ಪರದೆಗೆ ಮುಟ್ಟಿಸುತ್ತಾನೆ. ಯಾವಾಗ ಯಾರು ಎಂಬುದನ್ನು ಯಂತ್ರವೇ ತೀರ್ಮಾನಿಸುತ್ತದೆ.

ಈ ಚಿಪ್ಪುಗಳ ವಿದ್ಯೆಗೂ ನಮ್ಮ ಊರಿಗೂ ಹಳೆಯ ನಂಟಿದೆ, ಗೊತ್ತೇ? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ, ಅದರ ಉಪಗ್ರಹ ಡಿಶ್ ಬಂದಿದ್ದು ಎತ್ತಿನ ಗಾಡಿಯಲ್ಲಿ. ಇಂದು ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂವರ ಕಚೇರಿಗಳೂ ಬೆಂಗಳೂರಿನಲ್ಲಿವೆ.

ಈಗ ಮುಖ್ಯ ಮಾತು. ಲ್ಯಾಪ್‌ಟಾಪಿನ ತೂತುಗಳು ಬ್ಯಾಂಕಿನ ಕೌಂಟರ್ ಇದ್ದ ಹಾಗೆ. ಯಾವ ತೂತಿನ ಹಿಂದೆ ಯಾವ ಗುಮಾಸ್ತ ಕೂತಿದ್ದಾನೆ ಎಂಬುದು ಕಾರ್ಖಾನೆಯಲ್ಲೇ ನಿರ್ಧಾರವಾಗಿರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ತೂತು ನೇರವಾಗಿ ಪೈಲ್ವಾನನಿಗೇ ಜೋಡಣೆ. ಅಂಥ ಕಡೆ ಪೈಲ್ವಾನ ರಜೆ ಹಾಕಿದರೆ ಕೌಂಟರ್ ಬಂದ್. ಲ್ಯಾಪ್‌ಟಾಪಿನ ಪರದೆ ಸರಿಯಿರುತ್ತದೆ, ಹೊರಗಿನ ಮಾನಿಟರ್ ಮಾತ್ರ ಕಪ್ಪು. ನಮ್ಮ ಮನೆಯಲ್ಲಿ ಆದದ್ದೂ ಅದೇ ಅಲ್ಲವೇ!

"ಹಾಗಾದರೆ ಪೈಲ್ವಾನ ಎಲ್ಲಿ ಹೋದ?" ಎಂದಳು ಪುಟ್ಟಿ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬ ಸಾಲು ಬಿಡಿಸಿದೆವು. ಎರಡು ಹೆಸರು ಇದ್ದವು. ಎನ್‌ವಿಡಿಯಾ ಪಕ್ಕದಲ್ಲಿ ಕೆಳಮುಖದ ಚಿಕ್ಕ ಬಾಣ. ಹಾಗೆಂದರೆ ಯಾರೋ ಅದನ್ನು ಕೈಯಾರೆ ಬಂದ್ ಮಾಡಿದ್ದಾರೆ.

"ನಾನಲ್ಲ ತಾತ" ಎಂದಳು, ಕಣ್ಣಲ್ಲಿ ನೀರು.

ನನಗೆ ಎದೆ ಧಸಕ್ಕೆಂದಿತು. ಗುರುವಾರ ರಾತ್ರಿ ಎರಡು ಗಂಟೆ ಕರೆಂಟು ಹೋಗಿತ್ತು. ಬ್ಯಾಟರಿ ಬೇಗ ಇಳಿಯುತ್ತದಲ್ಲ ಎಂದು, ಎಲ್ಲೋ ಓದಿದ್ದ ಬುದ್ಧಿವಂತಿಕೆ ನೆನಪಾಗಿ ಅದನ್ನು ಬಂದ್ ಮಾಡಿದವನು ನಾನೇ! ಮಾನಿಟರ್‌ಗೆ ಆಗ ಕರೆಂಟೇ ಇರಲಿಲ್ಲ, ಹಾಗಾಗಿ ಪರಿಣಾಮ ಕಾಣಲಿಲ್ಲ. ಬೆಳಗಾಗುವಷ್ಟರಲ್ಲಿ ಮರೆತೂಬಿಟ್ಟಿದ್ದೆ.

ಆ ಗಳಿಗೆಯಲ್ಲಿ ಸುಮ್ಮನೆ ಆನ್ ಮಾಡಿ, "ನೋಡು, ಹೇಗೋ ಸರಿಹೋಯಿತು" ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಒಂದು ಹಳೆಯ ಸಂಜೆ ನೆನಪಾಯಿತು.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಕ್ಯಾಶಿನಲ್ಲಿ 270 ರೂಪಾಯಿ ಕಡಿಮೆ ಬಂತು. ಆ ಕಾಲಕ್ಕೆ ದೊಡ್ಡ ಮೊತ್ತ. ಎಲ್ಲರೂ ಕ್ಯಾಶಿಯರ್ ಹುಡುಗನ ಮುಖ ನೋಡಿದರು. ಅವನು ಸಾಲ ಮಾಡಿ ಕೈಯಿಂದ ತುಂಬಿದ. ಮರುದಿನ ಹಿರಿಯರೊಬ್ಬರು, "270 ಒಂಬತ್ತರಿಂದ ಭಾಗವಾಗುತ್ತದೆ, ಅಂಕಿ ಹಿಂದುಮುಂದಾಗಿದೆಯೇನೋ ನೋಡಿ" ಎಂದರು. ಹುಡುಕಿದರೆ, ಕೊಟ್ಟದ್ದು 630, ಪುಸ್ತಕದಲ್ಲಿ ಬರೆದದ್ದು 360. ಅಕ್ಷರ ನನ್ನದು. ಹುಡುಗನಿಗೆ ಹಣ ವಾಪಸ್ಸಾಯಿತು. ಆದರೆ ಯಾರೂ ಅವನಲ್ಲಿ ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಅವನಿಗೆ ವರ್ಗವಾಯಿತು. ಆ ಬಾಕಿ ಇಂದಿಗೂ ನನ್ನ ಲೆಕ್ಕದಲ್ಲಿ ಹಾಗೇ ಇದೆ.

ಮಗನನ್ನೂ ಸೊಸೆಯನ್ನೂ ಹೆಂಡತಿಯನ್ನೂ ಕರೆದೆ. "ತಪ್ಪು ನನ್ನದು. ಪುಟ್ಟಿಯ ಗೇಮಿಗೂ ಇದಕ್ಕೂ ಸಂಬಂಧವಿಲ್ಲ. ಪುಟ್ಟೀ, ಬೆಳಿಗ್ಗೆ ನಿನ್ನ ಪರವಾಗಿ ಮಾತಾಡಲಿಲ್ಲ, ಅದೂ ನನ್ನ ತಪ್ಪೇ. ಕ್ಷಮಿಸು ಕಂದ" ಎಂದೆ. ಮಗ ತಲೆ ತಗ್ಗಿಸಿ, "ನಾನೂ ನೋಡದೆ ಬೈದೆ ಮಗಳೇ" ಎಂದ. ಪುಟ್ಟಿಯೇ ಮೌಸ್ ಹಿಡಿದು ಪೈಲ್ವಾನನನ್ನು ಎಬ್ಬಿಸಿದಳು. ಮಾನಿಟರ್ ಬೆಳಗಿತು.

ಇನ್ನೊಂದು ಪಾಠ ಆಮೇಲೆ ಸಿಕ್ಕಿತು. ಪೈಲ್ವಾನನ ಕೌಂಟರಿಗೆ ಮಾನಿಟರ್ ಜೋಡಿಸಿದ್ದರೆ ಅವನು ಮಲಗುವುದೇ ಇಲ್ಲ. ಬರೀ ವಿಡಿಯೋ ಕರೆಗೂ ಫ್ಯಾನು ಬುಸುಗುಡುತ್ತಿದ್ದುದು ಅದಕ್ಕೇ. ನಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ತೂತಿನ ಪಕ್ಕ ಡಿಸ್‌ಪ್ಲೇ ಗುರುತು ಇತ್ತು. ಎಲ್ಲ ಯುಎಸ್‌ಬಿ-ಸಿ ತೂತುಗಳೂ ಚಿತ್ರ ಕಳಿಸುವುದಿಲ್ಲ, ಗುರುತು ನೋಡಬೇಕು. ಮಗ ಎಸ್‌ಪಿ ರಸ್ತೆಯಿಂದ ಅದಕ್ಕೆ ಹೊಂದುವ ಕೇಬಲ್ ತಂದ. ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ಪುಟದಲ್ಲಿ ಯಾವ ಪರದೆ ಯಾವ ಚಿಪ್ಪಿಗೆ ಸೇರಿದೆ ಎಂದು ಬರೆದಿರುತ್ತದೆ. ನೋಡಿದೆವು, ಇಂಟೆಲ್ ಎಂದಿತ್ತು. ಈಗ ಅಜ್ಜಿಯ ಕರೆಗೆ ಮಿತವ್ಯಯಿ, ಪುಟ್ಟಿಯ ಗೇಮಿಗೆ ಪೈಲ್ವಾನ. ಯಾರನ್ನೂ ಬಂದ್ ಮಾಡಬೇಕಿಲ್ಲ.

ಈ ಭಾನುವಾರ ಪಾಪು ದೊಡ್ಡ ಪರದೆಯಲ್ಲಿ ಬಂತು. ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡು, "ಅಯ್ಯೋ, ಕೆಳಗೆ ಒಂದು ಹಲ್ಲು ಬರ್ತಾ ಇದೆ!" ಎಂದಳು. ಅದನ್ನು ಮೊದಲು ಕಂಡವಳು ಅವಳೇ.

ಮಕ್ಕಳೇ, ಈ ವಾರದ ಮನೆಗೆಲಸ: ಮನೆಯ ಕಂಪ್ಯೂಟರಿನಲ್ಲಿ ಯಾರು ಏನು ಬದಲಿಸಿದರೂ ದಿನಾಂಕ ಹಾಕಿ ಬರೆದಿಡಲು ಒಂದು ಪುಸ್ತಕ ಮಾಡಿ. ಅಜ್ಜ ಅಜ್ಜಿಯರೇ, ಅದರಲ್ಲಿ ನಾವೂ ಸಹಿ ಹಾಕೋಣ. ನಮ್ಮ ಮನೆಯ ಪುಸ್ತಕದ ಮೊದಲ ಸಾಲು ಪುಟ್ಟಿಯ ಅಕ್ಷರದಲ್ಲಿದೆ: "ಗುರುವಾರ ರಾತ್ರಿ, ಎನ್‌ವಿಡಿಯಾ ಬಂದ್, ತಾತ." ಕೆಳಗೆ ನನ್ನ ಸಹಿ.