ಅಂಕಗಳ ತೂಕ

ಕಡಲೆಕಾಯಿ ಮಾರಲು ಹೋದ ರೈತನು ಮೊದಲು ತಕ್ಕಡಿಯ ಮುಳ್ಳನ್ನು ನೋಡುತ್ತಾನೆ. ಕಂಬದೂರು, ಕಲ್ಯಾಣದುರ್ಗ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ತಮ್ಮ ಅಂಕಗಳನ್ನು ತೂಗುವ ತಕ್ಕಡಿಯನ್ನು ಅವರಿಗೆ ನಾವು ತೋರಿಸಿದ್ದೇವೆಯೇ?

ಅಂಕಗಳ ತೂಕದ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಗೋಕಾಕ್ ಸಮಿತಿಯು 1981ರಲ್ಲಿ ವರದಿ ಕೊಟ್ಟಿತು. ಮರುವರ್ಷ ಅದಕ್ಕಾಗಿ ಜನ ಬೀದಿಗಿಳಿದರು. ಇಂದು ಕರ್ನಾಟಕದ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಒಟ್ಟು 625; ಎಂದರೆ ನೂರಕ್ಕೆ ಇಪ್ಪತ್ತು ಪಾಲು. ಗಡಿಯ ಈಚೆ, ಆಂಧ್ರದಲ್ಲಿ, ಆರು ವಿಷಯಗಳಿಗೂ ತಲಾ ನೂರು. ಇಲ್ಲಿ ಪ್ರಥಮ ಭಾಷೆಯ ಪಾಲು ನೂರಕ್ಕೆ ಹದಿನೇಳೂ ಇಲ್ಲ. ಅದೇ ಕನ್ನಡ, ತೂಕ ಬೇರೆ!

ಈಗ ಅನೇಕ ಕಡೆ ಪಾಠ, ಪರೀಕ್ಷೆಗಳೆರಡೂ ಗಣಕಯಂತ್ರದ ಮೂಲಕ ನಡೆಯುತ್ತಿವೆ. ಮೂಡಲ್ ಎಂಬ ಉಚಿತ ತಂತ್ರಾಂಶದಲ್ಲಿ ಉಪಾಧ್ಯಾಯರಿಗೆ ಒಂದು ಅಂಕಪುಸ್ತಕವಿದೆ. ನಾವು ಏನನ್ನೂ ಹೇಳದಿದ್ದರೆ ಅದು ಅಂಕಗಳನ್ನು ಸುಮ್ಮನೆ ಕೂಡುತ್ತದೆ. ಹತ್ತು ಅಂಕದ ಹತ್ತು ಮನೆಗೆಲಸ, ಐವತ್ತು ಅಂಕದ ಒಂದು ಪರೀಕ್ಷೆ ಇಟ್ಟೆವೆನ್ನಿ. ಮನೆಗೆಲಸದ ತೂಕ ಪರೀಕ್ಷೆಯ ಎರಡರಷ್ಟಾಯಿತು! ಯಾವ ಉಪಾಧ್ಯಾಯರೂ ಅದನ್ನು ಬಯಸಿರಲಿಲ್ಲ. (ಕಾಗದದ ರಿಜಿಸ್ಟರಿನಲ್ಲಿಯೂ ನಾವು ಇದೇ ತಪ್ಪನ್ನು ಮಾಡುತ್ತಿದ್ದೆವು, ಕಾಣುತ್ತಿರಲಿಲ್ಲ ಅಷ್ಟೆ.)

ಆದುದರಿಂದ ತೂಕವನ್ನು ನಾವೇ ಗೊತ್ತುಮಾಡಬೇಕು. ಮನೆಗೆಲಸಕ್ಕೆ 20, ಯೋಜನಾ ಕಾರ್ಯಕ್ಕೆ 10, ಕಿರುಪರೀಕ್ಷೆಗಳಿಗೆ 30, ವಾರ್ಷಿಕ ಪರೀಕ್ಷೆಗೆ 40 ಎಂದಿರಲಿ. ಒಬ್ಬ ವಿದ್ಯಾರ್ಥಿನಿ ಇವುಗಳಲ್ಲಿ ಕ್ರಮವಾಗಿ ಶೇಕಡಾ 90, 80, 60, 50 ಪಡೆದರೆ ಅವಳ ಪಾಲು 18, 8, 18, 20, ಒಟ್ಟು 64. ಲೆಕ್ಕ ಇಷ್ಟೇ. ಬಾಯಿಪಾಠಕ್ಕಿಂತ ಸ್ವಂತ ಬರವಣಿಗೆ ಮೇಲೆಂದು ತರಗತಿಯಲ್ಲಿ ಹೇಳಿ, ಅಂಕಪುಸ್ತಕದಲ್ಲಿ ಅದಕ್ಕೆ ಹತ್ತನ್ನೇ ಇಟ್ಟರೆ ಮಕ್ಕಳು ನಂಬುವುದು ಅಂಕಪುಸ್ತಕವನ್ನು.

ಇನ್ನು ಖಾಲಿ ಮನೆಯ ಪ್ರಶ್ನೆ. ಕಡಲೆಕಾಯಿ ಕೀಳುವ ಕಾಲದಲ್ಲಿ ತಾಯಿಯೊಂದಿಗೆ ಹೊಲಕ್ಕೆ ಹೋಗಿ, ಅದೇ ವಿದ್ಯಾರ್ಥಿನಿ ಒಂದೂ ಮನೆಗೆಲಸ ಒಪ್ಪಿಸಲಿಲ್ಲವೆನ್ನೋಣ. ಖಾಲಿಯನ್ನು ಸೊನ್ನೆಯೆಂದು ಹಿಡಿದರೆ ಅವಳಿಗೆ 46. ಖಾಲಿಯನ್ನು ಬಿಟ್ಟು ಉಳಿದ 80ರ ಮೇಲೆ ಲೆಕ್ಕ ಹಾಕಿದರೆ 57.5. ಮೂಡಲಿನಲ್ಲಿ ಇವೆರಡರ ನಡುವಿನ ಅಂತರ ಒಂದು ಚಿಕ್ಕ ಗುರುತು ಮಾತ್ರ. ಗುರುತು ಹಾಕಿದರೆ ಖಾಲಿ ಬಿಡುತ್ತದೆ, ತೆಗೆದರೆ ಸೊನ್ನೆ ಬೀಳುತ್ತದೆ. ಬೇಕೆಂದೇ ಬರೆಯದವನಿಗೂ ಬರೆಯಲಾಗದವಳಿಗೂ ಯಂತ್ರಕ್ಕೆ ಭೇದ ತಿಳಿಯದು. ಹಾಜರಿ ಪುಸ್ತಕ ನೋಡಿ, ಮನೆಯವರನ್ನು ವಿಚಾರಿಸಿ, ಒಂದು ವಾರ ಹೆಚ್ಚಿಗೆ ಕೊಟ್ಟು, ಆಮೇಲೆ ಸೊನ್ನೆಯೋ ಖಾಲಿಯೋ ಎಂದು ಬರೆಯಬೇಕಾದವರು ನಾವು. ಈ ನಿಯಮವನ್ನೂ ತೂಕದ ಪಟ್ಟಿಯನ್ನೂ ಜೂನ್ ತಿಂಗಳಲ್ಲಿಯೇ ಕರಿಹಲಗೆಯ ಮೇಲೆ ಬರೆದು, ಮಕ್ಕಳ ನೋಟುಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಳ್ಳಲು ಹೇಳಬೇಕೆಂಬುದು ನನ್ನ ಅಭಿಪ್ರಾಯ.